ಒಂಟಿಯಾಗಿ ಬರಬೇಡಿ

ಮಾರ್ಚ್ 4, ಗುರುವಾರ

ಸಭಿಕ ಮಹನೀಯರೇ, ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತಿರುವ ಅತ್ತೆಮ್ಮನವರೇ, ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿರುವ ಭಾವನವರೇ, ಮುಂದೆ ತಳ್ಳಾಡುತ್ತಿರುವ ಮಕ್ಕಳೇ, ಮತ್ತು ಈ ಕಾಗದವನ್ನು ಕೈಯಲ್ಲಿ ಹಿಡಿದು ನಡುಮನೆಯಲ್ಲಿ ನಿಂತಿರುವ ನನ್ನ ಒಬ್ಬಳೇ ತಂಗೀ! ಎಲ್ಲರಿಗೂ ವಂದಿಸಿ ಪರದೆ ಸರಿಸುತ್ತಿದ್ದೇನೆ. ಗದ್ದಲ ಬೇಡ. ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿಕೊಳ್ಳಿ. ಈಗಿನ ಕಾಲದಲ್ಲಿ ನಡುವೆ ಯಾರಾದರೂ ಕೆಮ್ಮಿದರೆ ಸಭೆಯೇ ಖಾಲಿಯಾಗುತ್ತದೆ.

ತಂಗೀ, ನಿನ್ನ ಅಣ್ಣನಿಗೆ ಮತ್ತೆ ವೇಷ ಸಿಕ್ಕಿದೆ. ನಲವತ್ತು ವರ್ಷ ನಾಟಕ ಕಂಪನಿಯ ಗಾಡಿಯ ಮೇಲೆ ಕೂತು "ಇಂದೇ ನೋಡಿ, ಇಂದೇ ಕಡೆಯ ಆಟ" ಎಂದು ಊರೂರು ಕೂಗಿದವನನ್ನು ಈಗ ಆರೋಗ್ಯ ಕಚೇರಿಯವರು ಕರೆದಿದ್ದಾರೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ, ಗಾಡಿಯ ಮೇಲೆ ಧ್ವನಿವರ್ಧಕದ ಎರಡು ಕಹಳೆ, ಒಳಗೆ ನಾನು, ಕೈಯಲ್ಲಿ ಮೈಕು: ಬನ್ನಿ, ಲಸಿಕೆ ಹಾಕಿಸಿಕೊಳ್ಳಿ. ಮೊದಲ ದಿನವೇ ಮೂರು ಬೀದಿಯ ನಾಯಿಗಳು ನನ್ನ ಅಭಿಮಾನಿಗಳಾದವು. ಮನುಷ್ಯರು ಕಿಟಕಿ ಮುಚ್ಚಿಕೊಂಡರು. ಇರಲಿ. ಮೊದಲ ಅಂಕದಲ್ಲಿ ಹಾಗೆಯೇ, ಎರಡನೆಯದಕ್ಕೆ ತೆರೆಯುತ್ತಾರೆ.

ಗಾಡಿ ಓಡಿಸುವವನ ಪರಿಚಯ ಮಾಡಿಕೊಡಬೇಕು. ಐವತ್ತೈದರ ಆಸುಪಾಸು, ದಪ್ಪ ಕತ್ತು, ಇಡೀ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ನಾನು ಅವನನ್ನು ಮೌನಿ ಅನ್ನುತ್ತೇನೆ, ಅವನೂ ಒಪ್ಪಿಕೊಂಡಿದ್ದಾನೆ. ಒಪ್ಪಿಕೊಂಡ ಅಂತ ನನ್ನ ಊಹೆ, ಬಾಯಿಬಿಟ್ಟು ಹೇಳಿಲ್ಲ. ಒಬ್ಬ ಬಾಯಿ, ಒಬ್ಬ ಕೈ. ಇಬ್ಬರೂ ಸೇರಿ ಒಬ್ಬ ಪೂರ್ತಿ ಮನುಷ್ಯ.

ಕಂಪನಿಯ ಬಗ್ಗೆ ಕೇಳಿದ್ದೆಯಲ್ಲ. ಎಲ್ಲ ಇದ್ದಾರೆ, ಏನೂ ಕಡಿಮೆಯಿಲ್ಲ. ಆಟ ನಿಂತಿರುವುದರಿಂದ ಕೆಲಸವಿಲ್ಲ, ಆದರೆ ಊಟದ ಹೊತ್ತಿಗೆ ಪಂಕ್ತಿ ತುಂಬುತ್ತದೆ. ರಾಜನ ಪಾತ್ರದವನು ತರಕಾರಿ ಹೆಚ್ಚುತ್ತಾನೆ, ಖಳನ ಪಾತ್ರದವನು ಈರುಳ್ಳಿಗೆ ಅಳುತ್ತಾನೆ. ಮಾತು, ನಗು, ಜಗಳ. ಒಂದು ಗಳಿಗೆ ಒಬ್ಬನೇ ಕೂರೋಣವೆಂದರೆ ಜಾಗವಿಲ್ಲ.

ನಾನೂ ಮುಂದಿನ ವಾರ ಲಸಿಕೆ ಹಾಕಿಸಿಕೊಳ್ಳುತ್ತೇನೆ. ಊರಿಗೆ ಹೇಳುವವನು ತಾನು ಬಿಟ್ಟರೆ ಹೇಗೆ?

ಫೋನ್ ಮಾಡಲಿಲ್ಲವೆಂದು ಬೇಸರ ಬೇಡ. ಕಹಳೆಯ ಪಕ್ಕ ಕೂತು ಕೂತು ಕಿವಿ ಹೋಗಿದೆ. ನೀನು ಹೇಳಿದ್ದು ನನಗೆ ಕೇಳುವುದಿಲ್ಲ, ನಾನು ಹೇಳಿದ್ದು ನಿನ್ನ ಆಸ್ಪತ್ರೆಯ ಮೂರೂ ಮಹಡಿಗೆ ಕೇಳುತ್ತದೆ.

ಸಭೆಗೆ ಶರಣು.

ನಿನ್ನ ಅಣ್ಣ

*

ಮಾರ್ಚ್ 13, ಶನಿವಾರ

ಪ್ರೀತಿಯ ಅಣ್ಣನಿಗೆ, ತಂಗಿಯ ನಮಸ್ಕಾರ.

ಕಾಗದ ತಲುಪಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮನೆಯಲ್ಲಿ ಎಲ್ಲ ಕ್ಷೇಮ. ಮಕ್ಕಳಿಗೆ ಪಾಠ ಮನೆಯಿಂದಲೇ. ಇವರಿಗೂ ಅತ್ತೆಗೂ ಆರೋಗ್ಯ.

ಇಲ್ಲಿ ನನ್ನ ಕಥೆ ಕೇಳು. ಲಸಿಕೆಯ ಕೋಣೆಯಲ್ಲಿ ಇಪ್ಪತ್ತು ಕುರ್ಚಿ ಹಾಕಿಸಿದ್ದೇನೆ, ಹದಿನೇಳು ಖಾಲಿ. ಒಂದು ಬಾಟಲಿ ತೆರೆದರೆ ಕೆಡುವ ಮೊದಲು ಹತ್ತು ಜನಕ್ಕೆ ಕೊಡಬೇಕು, ಹತ್ತು ಜನ ಸೇರುವವರೆಗೆ ಬಂದ ಮೂವರನ್ನು ಕಟ್ಟಿಹಾಕಿದ ಹಾಗೆ ಕೂರಿಸಿಕೊಳ್ಳಬೇಕು. ಅವರು ಕಾದು ಕಾದು ಎದ್ದು ಹೋಗುತ್ತಾರೆ. ಬರದವರನ್ನು ಮನೆ ಬಾಗಿಲಿಗೇ ಹೋಗಿ ಕೇಳಿದೆ. ಬಟ್ಟೆ ಅಂಗಡಿಯವರು ಹೇಳಿದರು, "ಇಷ್ಟು ಬೇಗ ಹೇಗೆ ತಯಾರಾಯ್ತು ಸಿಸ್ಟರ್? ನಮ್ಮ ಬೀದಿಯ ಮೋರಿ ಆರು ವರ್ಷದಿಂದ ಆಗಿಲ್ಲ." ಮೋರಿ ನಿಜವಾಗಿಯೂ ಆಗಿಲ್ಲ. ಬಡಗಿಯೊಬ್ಬರು, "ಎರಡು ದಿನ ಜ್ವರ ಬಂದು ಮಲಗಿದರೆ ನನ್ನ ಕೆಲಸ ನೀವು ಮಾಡ್ತೀರಾ?" ಅಂದರು. ಒಬ್ಬಾಕೆ ಬಾಗಿಲನ್ನೇ ತೆರೆಯಲಿಲ್ಲ, ಒಳಗಿನಿಂದ "ನಾವು ಮನೆಯಲ್ಲಿಲ್ಲ" ಅಂದರು.

ಯಾರೂ ದಡ್ಡರಲ್ಲ ಅಣ್ಣ. ಒಬ್ಬೊಬ್ಬರ ಹಿಂದೆ ಒಂದೊಂದು ಇದೆ. ಅದನ್ನು ಕೇಳುವಷ್ಟು ಹೊತ್ತು ನಮಗೆ ಯಾರೂ ಕೊಡುವುದಿಲ್ಲ.

ನಮ್ಮ ಗಾಡಿಯಲ್ಲಿ ಕೂಗುವವನದು ಸಾವಿನ ಸುದ್ದಿ ಓದುವ ದನಿ. ಅದನ್ನು ಕೇಳಿಯೇ ಅರ್ಧ ಜನ ಹೆದರುತ್ತಾರೆ. ನೀನು ಅಲ್ಲಿ ಏನು ಕೂಗುತ್ತೀಯೋ ಅದನ್ನು ಬರೆದು ಕಳಿಸು, ಅವನ ಕೈಗೆ ಕೊಡುತ್ತೇನೆ.

ನೀನು ಹಾಕಿಸಿಕೊಂಡೆಯಲ್ಲ? ತೋಳು ನೋಯುತ್ತಿದ್ದರೆ ತಣ್ಣೀರಿನ ಬಟ್ಟೆ ಇಡು. ರಾಜನಿಗೋ ಖಳನಿಗೋ ಹೇಳು, ಇಡುತ್ತಾರೆ.

ತಂಗಿ

*

ಮಾರ್ಚ್ 21, ಭಾನುವಾರ

ಮಹಾಸಭೆಗೆ ವಂದನೆ. ನಕ್ಕವರಿಗೆಲ್ಲ ಎರಡು ವಂದನೆ.

ತಂಗೀ, ಕೇಳಿದೆಯಲ್ಲ, ಇಗೋ. ಕಚೇರಿಯವರು ಕೊಟ್ಟ ಹಾಳೆ ಒಣ ಕಟ್ಟಿಗೆಯ ಹಾಗಿತ್ತು. ನಾನು ಅದಕ್ಕೆ ರಕ್ತಮಾಂಸ ತುಂಬಿದ್ದೇನೆ. ನಿನ್ನ ಸಾವಿನ ದನಿಯವನಿಗೆ ಹೇಳು, ಅಲ್ಪವಿರಾಮದಲ್ಲಿ ಒಂದು ಎಣಿಸಬೇಕು, ಪೂರ್ಣವಿರಾಮದಲ್ಲಿ ಎರಡು.

"ಮಹಾಜನಗಳೇ, ಬಾಗಿಲ ಹಿಂದೆ ನಿಂತು ಕೇಳುತ್ತಿರುವವರೇ. ಕಣ್ಣಿಗೆ ಕಾಣದ ಶತ್ರು ನಿಮ್ಮ ಹೊಸಿಲಲ್ಲಿ ನಿಂತಿದ್ದಾನೆ. ಅವನಿಗೆ ಕತ್ತಿಯಿಲ್ಲ, ನಿಮಗೆ ಗುರಾಣಿಯಿದೆ. ಬನ್ನಿ. ಗಂಡನ ಕೈ ಹಿಡಿದು ಹೆಂಡತಿ ಬರಲಿ, ಅಣ್ಣನ ಹೆಗಲು ಹಿಡಿದು ತಮ್ಮ ಬರಲಿ. ಒಂಟಿಯಾಗಿ ಬರಬೇಡಿ. ಸೂಜಿ ಚುಚ್ಚಿಸಿಕೊಂಡ ಮೇಲೆ ಒಂಟಿಯಾಗಿ ಮಲಗಬೇಡಿ. ಪಕ್ಕದಲ್ಲಿ ನಿಮ್ಮವರೆಂಬವರು ಇರಲಿ, ಹಣೆ ಮುಟ್ಟಿ ನೋಡುವ ಕೈಯೊಂದು ಇರಲಿ."

"ಒಂಟಿಯಾಗಿ" ಅನ್ನುವಲ್ಲಿ ದನಿಯನ್ನು ಬಾವಿಗೆ ಇಳಿಸಿದ ಹಾಗೆ ಇಳಿಸಬೇಕು. ನಾನು ಅದನ್ನು ಹೇಳುವಾಗ ಬೀದಿಯೇ ನಿಶ್ಶಬ್ದವಾಗುತ್ತದೆ. ಮೊನ್ನೆ ಹೂಕುಂಡಕ್ಕೆ ನೀರು ಹಾಕುತ್ತಿದ್ದ ಹೆಂಗಸೊಬ್ಬರು ನಿಂತುಬಿಟ್ಟರು, ಕುಂಡ ತುಂಬಿ ನೀರು ಮೆಟ್ಟಿಲಿಳಿಯಿತು. ಇಂಥ ಕ್ಷಣಕ್ಕಾಗಿ ನಟರು ಜೀವ ಬಿಡುತ್ತಾರೆ.

ನನ್ನ ಲಸಿಕೆಯ ವಿಷಯ. ಆಗುತ್ತದೆ. ಗಂಟಲು ಸ್ವಲ್ಪ ಕೆರೆಯುತ್ತಿದೆ. ದಿನಕ್ಕೆ ಆರು ಗಂಟೆ ಕೂಗುವ ಗಂಟಲು, ಅದಕ್ಕೆ ಜ್ವರ ಬಂದು ದನಿ ಒಡೆದರೆ ಊರಿಗೆ ಹೇಳುವವರು ಯಾರು? ಈ ಕೆಲಸವೊಂದು ಮುಗಿಯಲಿ. ಸೇನಾಪತಿ ಎಲ್ಲರನ್ನೂ ಯುದ್ಧಕ್ಕೆ ಕಳಿಸಿ ಕೊನೆಯಲ್ಲಿ ಕುದುರೆ ಹತ್ತುತ್ತಾನೆ, ಗೊತ್ತಲ್ಲ.

ಇಲ್ಲಿ ಕಂಪನಿಯವರೆಲ್ಲ ನಿನ್ನನ್ನು ಕೇಳಿದರು.

ಅಣ್ಣ

*

ಏಪ್ರಿಲ್ 1, ಗುರುವಾರ

ಪ್ರೀತಿಯ ಅಣ್ಣ,

ನಿನ್ನ ಮಾತು ಕೆಲಸ ಮಾಡಿದೆ. ಸೋಮವಾರ ನಲವತ್ತು ಜನ, ಮಂಗಳವಾರ ಅರವತ್ತೆರಡು. ಕುರ್ಚಿ ಸಾಲದೆ ಅಡುಗೆಮನೆಯಿಂದ ಬೆಂಚು ಎಳೆದುಕೊಂಡು ಬಂದೆ. ಗಂಡಂದಿರು ಹೆಂಡತಿಯರ ಕೈ ಹಿಡಿದೇ ಬರುತ್ತಿದ್ದಾರೆ. ಮದುವೆಯಾದ ಮೇಲೆ ಇದೇ ಮೊದಲ ಸಲ ಹಿಡಿದರು ಅಂತ ಒಬ್ಬಾಕೆ ನಕ್ಕರು. ನಮ್ಮ ಡಾಕ್ಟರು "ಯಾರು ಬರೆದದ್ದು ಇದು?" ಅಂತ ಕೇಳಿದರು. ನನ್ನ ಅಣ್ಣ, ನಾಟಕ ಕಂಪನಿಯಲ್ಲಿದ್ದಾನೆ ಅಂದೆ. ಹೇಳುವಾಗ ಎದೆಯುಬ್ಬಿತು.

ಒಂದು ವಿಚಿತ್ರ ಕಂಡೆ. ಬರುವವರೆಲ್ಲ ಜೋಡಿಯಾಗಿ, ಗುಂಪಾಗಿ ಬರುತ್ತಾರೆ. ಮೊದಲು ಬರುತ್ತಿದ್ದ ಒಬ್ಬಂಟಿಗರು ಕಾಣುತ್ತಿಲ್ಲ. ಮುದುಕರು, ಬಾಡಿಗೆ ಕೋಣೆಗಳವರು. ಬಿಸಿಲಿರಬೇಕು, ಇನ್ನೇನೋ ಇರಬೇಕು.

ಗಂಟಲಿನ ನೆಪ ಬೇಡ. ಸೂಜಿ ತೋಳಿಗೆ, ಗಂಟಲಿಗಲ್ಲ. ಜ್ವರ ಬಂದರೆ ಒಂದು ದಿನ, ಹೆಚ್ಚೆಂದರೆ ಎರಡು. ಮಾತ್ರೆ ನುಂಗಿ ಮಲಗಿದರೆ ಮುಗಿಯಿತು. ಅಷ್ಟು ಜನರ ನಡುವೆ ಇದ್ದೀಯ, ಒಂದು ಲೋಟ ನೀರು ಕೊಡುವವರಿಗೆ ಬರವೇ? ಇಲ್ಲಿ ನನಗಾದರೋ ಕೆಲಸ ಮುಗಿಸಿ ಬಂದು, ಒಂದು ತಟ್ಟೆ ತೊಳೆದು, ಬೆನ್ನು ಚಾಚಿದರೆ ಸಾಕು ಅನ್ನಿಸುತ್ತದೆ.

ಬೇಗ ಹಾಕಿಸಿಕೋ. ಇಲ್ಲಿ ವಾರ್ಡು ಮತ್ತೆ ತುಂಬುತ್ತಿದೆ. ನಿನ್ನ ವಯಸ್ಸಿನವರೇ.

ತಂಗಿ

*

ಏಪ್ರಿಲ್ 10, ಶನಿವಾರ

ಸಭೆಗೆ ವಂದನೆ.

ಒಂದು ಪ್ರಶ್ನೆ. ನಾನು ಊರಿಗೆ ಬುದ್ಧಿ ಹೇಳುವವನೋ, ಊರು ನನಗೋ? ಕಾಗದ ತೆರೆದರೆ ಹಾಕಿಸಿಕೊಂಡೆಯಾ, ಕಚೇರಿಗೆ ಹೋದರೆ ಹಾಕಿಸಿಕೊಂಡೆಯಾ. ಅಲ್ಲಿ ಹೌದು ಅಂದುಬಿಟ್ಟೆ. ಇನ್ನೇನು ಮಾಡಲಿ.

ಟೀ ಅಂಗಡಿಯಲ್ಲಿ ಹೇಳುತ್ತಿದ್ದರು, ಸಕ್ಕರೆ ಕಾಯಿಲೆಯವರಿಗೆ ಅದು ಒಗ್ಗುವುದಿಲ್ಲವಂತೆ. ನನಗೆ ಸಕ್ಕರೆ ಇದೆಯೋ ಇಲ್ಲವೋ ನೋಡಿಸಿಲ್ಲ, ಇದ್ದರೆ? ಇನ್ನೊಬ್ಬ ಹೇಳಿದ, ಎರಡು ತಿಂಗಳು ತಾಳಿದರೆ ಇದಕ್ಕಿಂತ ಒಳ್ಳೆಯದು ಬರುತ್ತದಂತೆ. ಹೊಸ ನಾಟಕದ ಮೊದಲ ಆಟಕ್ಕೆ ಯಾರೂ ಹೋಗಬಾರದು, ಹತ್ತನೆಯದಕ್ಕೆ ಹೋಗಬೇಕು. ನಲವತ್ತು ವರ್ಷದ ಅನುಭವ. ನಕ್ಕರೆ ನಗು.

ಮೌನಿಯೂ ಹಾಕಿಸಿಕೊಂಡಿಲ್ಲ. ಈ ಊರಿನಲ್ಲಿ ನಾನು ಹಾಕಿಸಿಕೊಂಡಿಲ್ಲವೆಂಬುದು ಗೊತ್ತಿರುವವನು ಅವನೊಬ್ಬನೇ. ಮೊನ್ನೆ ಕೇಳಿದೆ, "ಅಲ್ಲಯ್ಯಾ, ನನ್ನ ಪಕ್ಕದಲ್ಲೇ ಕೂತು ದಿನಾ ಕೇಳ್ತೀಯ, ನಿಂಗೇನು ಧಾಡಿ?" ಅವನು ಗೇರು ಬದಲಾಯಿಸಿ, ತಿರುವು ದಾಟಿ, ಮುಂದಿನ ಬೀದಿ ಮುಗಿಯುವಾಗ ಅಂದ, "ನೀವು ಮೊದಲು." ಅಷ್ಟೇ. ದಿನದ ಹತ್ತು ಮಾತಿನಲ್ಲಿ ಎರಡು ನನಗೇ ಖರ್ಚು ಮಾಡಿದ.

ಕಂಪನಿಯಲ್ಲಿ ಎಲ್ಲ ಚೆನ್ನಾಗಿದ್ದಾರೆ.

ಅಣ್ಣ

*

ಏಪ್ರಿಲ್ 19, ಸೋಮವಾರ

ಅಣ್ಣ,

ಒಂದು ವಿಷಯ ಕೇಳಬೇಕು. ತಮಾಷೆ ಮಾಡದೆ ಉತ್ತರ ಕೊಡು.

ನಮ್ಮ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಗಡಿಯಾರ ರಿಪೇರಿ ಮಾಡುವ ಹಿರಿಯರಿದ್ದಾರೆ. ಅಂಗಡಿಯ ಮೇಲೆಯೇ ಒಂದು ಕೋಣೆ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಫೆಬ್ರವರಿಯಲ್ಲಿ ತಾವೇ ಬಂದು ಹೆಸರು ಬರೆಸಿ ಹೋದವರು ಈಗ ಎರಡು ತಿಂಗಳಾದರೂ ಬರಲಿಲ್ಲ. ಶನಿವಾರ ನಾನೇ ಹೋದೆ.

"ಯಾಕೆ ಬರಲಿಲ್ಲ?" ಅಂದೆ.

"ಹೇಗೆ ಬರಲಿ ತಾಯಿ, ಬರಬೇಡಿ ಅಂತ ನೀವೇ ಕೂಗಿಸ್ತೀರಲ್ಲ."

"ಯಾರು? ಏನು ಕೂಗಿಸಿದೆವು?"

"ಒಂಟಿಯಾಗಿ ಬರಬೇಡಿ. ಒಂಟಿಯಾಗಿ ಮಲಗಬೇಡಿ. ದಿನಾ ಹನ್ನೊಂದಕ್ಕೆ ಬರುತ್ತೆ ಗಾಡಿ. ಆ ಮಾತು ಬರೋ ಹೊತ್ತಿಗೆ ನಾನು ಅಂಗಡಿ ಬಾಗಿಲು ಅರ್ಧ ಎಳ್ಕೋತೀನಿ. ಊರಿಗೆಲ್ಲ ಹೇಳ್ತಾರೆ, ನನ್ನನ್ನೇ ನೋಡಿ ಹೇಳಿದ ಹಾಗಿರುತ್ತೆ."

ನಾನು ಕಚೇರಿಯ ಹಾಳೆ ತರಿಸಿ ಓದಿದೆ. ಅದರಲ್ಲಿರುವುದು ಇಷ್ಟೇ: "ಲಸಿಕೆಯ ನಂತರ ಜ್ವರ, ಮೈಕೈ ನೋವು ಬರಬಹುದು. ಮನೆಯವರಿಗೋ ನೆರೆಯವರಿಗೋ ತಿಳಿಸಿರುವುದು ಒಳ್ಳೆಯದು." ಇಷ್ಟೇ ಅಣ್ಣ. ಒಂಟಿಯಾಗಿ ಬರಬೇಡಿ ಅಂತ ಎಲ್ಲಿದೆ? ಹಣೆ ಮುಟ್ಟುವ ಕೈ ಎಲ್ಲಿದೆ?

ಅವರಿಗೆ ಅಲ್ಲೇ, ಅಂಗಡಿಯಲ್ಲೇ ಲಸಿಕೆ ಕೊಟ್ಟು ಅರ್ಧ ಗಂಟೆ ಜೊತೆಗೆ ಕೂತೆ. ಗೋಡೆಯ ಗಡಿಯಾರಗಳು ಒಂದೊಂದೂ ಒಂದೊಂದು ಸಮಯ ತೋರಿಸುತ್ತಿದ್ದವು. ಯಾವುದು ಸರಿ ಅಂತ ಕೇಳಿದೆ. "ನಿಮ್ಮ ಕೈಯಲ್ಲಿರೋದು" ಅಂದರು. ಆ ಗಲ್ಲಿಯಲ್ಲೇ ಇಂಥವರು ಇನ್ನೂ ಒಂಬತ್ತು ಜನ ಸಿಕ್ಕರು. ಎಲ್ಲರದೂ ಅದೇ ಮಾತು. ನಿನ್ನ ಆ ಎರಡು ಸಾಲನ್ನು ನಾನೇ ತೆಗೆಸಿದೆ. ನಿನ್ನ ಊರಲ್ಲೂ ತೆಗೆ.

ನನ್ನ ಅಣ್ಣ ಯಾವತ್ತೂ ಇಷ್ಟು ಕಠಿಣವಾಗಿ ಬರೆದವನಲ್ಲ. ಈ ಮಾತು ನಿನಗೆ ಎಲ್ಲಿಂದ ಹೊಳೆಯಿತು?

ತಂಗಿ

*

ಏಪ್ರಿಲ್ 30, ಶುಕ್ರವಾರ

ತಂಗಿ,

ಈ ಕಾಗದ ಮನೆಯವರ ಮುಂದೆ ಓದಬೇಡ.

ಮೌನಿ ಆಸ್ಪತ್ರೆಯಲ್ಲಿದ್ದಾನೆ. ಹೋದ ಗುರುವಾರ ಗಾಡಿ ಓಡಿಸುತ್ತಾ ಎರಡು ಸಲ ಬದಿಗೆ ನಿಲ್ಲಿಸಿದ. ಉಸಿರು ಸಾಲುತ್ತಿಲ್ಲ ಅಂದ. ಮರುದಿನ ಬರಲಿಲ್ಲ. ಈಗ ಮೂಗಿಗೆ ಕೊಳವೆ ಹಾಕಿದ್ದಾರೆ, ಮಾತಾಡುವ ಹಾಗಿಲ್ಲ. ಮೊದಲೂ ಆಡುತ್ತಿರಲಿಲ್ಲ, ಆದರೆ ಅದು ಬೇರೆ.

ನನ್ನನ್ನು ಪರೀಕ್ಷೆ ಮಾಡಿದರು, ನನಗೆ ಬಂದಿಲ್ಲ. ಒಂದೇ ಗಾಡಿ, ಪಕ್ಕಪಕ್ಕದ ಸೀಟು. ಬರಬೇಕಾದದ್ದು ನನಗೆ.

ಅವನ ಹೆಂಡತಿ ಆಸ್ಪತ್ರೆಯ ಗೇಟಿನ ಹೊರಗೆ ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದಳು. ಬೈಯುತ್ತಾಳೆ ಅಂದುಕೊಂಡು ದೂರದಲ್ಲೇ ನಿಂತೆ. ಬೈಯಲಿಲ್ಲ. "ಇವರು ನಿಮ್ಮನ್ನೇ ನೋಡ್ಕೊಂಡು ಕೂತಿದ್ರು ಅಣ್ಣ," ಅಂದಳು. "ಅಷ್ಟು ದೊಡ್ಡ ದನಿಯವರೇ ಹಾಕಿಸ್ಕೊಂಡಿಲ್ಲ ಅಂದ್ರೆ ಏನೋ ಇರ್ಬೇಕು ಕಣೇ ಅಂತಿದ್ರು. ಏನಿತ್ತು ಅಣ್ಣ? ನನಗಾದ್ರೂ ಹೇಳಿ."

 ಅವಳಿಗೆ ಹೇಳಲಾಗದ್ದನ್ನು ನಿನಗೆ ಬರೆಯುತ್ತಿದ್ದೇನೆ.

ಕಂಪನಿ ಇಲ್ಲ. ಮುಚ್ಚಿ ಎರಡು ವರ್ಷವಾಯಿತು, ಈ ಕಾಯಿಲೆಗಿಂತ ಮೊದಲೇ. ರಾಜನ ಪಾತ್ರದವನು ಮಗಳ ಊರಿಗೆ ಹೋದ. ಖಳ ಎಲ್ಲಿದ್ದಾನೋ ಗೊತ್ತಿಲ್ಲ. ಪರದೆಗಳ ಗೋದಾಮಿನ ಹಿಂದೆ ಒಂದು ಕೋಣೆಯಿದೆ, ಅಲ್ಲಿ ನಾನೊಬ್ಬನೇ. ಅರಮನೆ, ಕಾಡು, ಬೀದಿ, ಮೂರೂ ಪರದೆಗಳನ್ನು ಸುತ್ತಿ ಗೋಡೆಗೆ ಒರಗಿಸಿದ್ದೇನೆ. ಊಟದ ಪಂಕ್ತಿ ಅಂತ ಬರೆದದ್ದೆಲ್ಲ ಸುಳ್ಳು. ನೀನು ತುಂಬಿದ ಮನೆಯಲ್ಲಿ ಕೂತು ಓದುತ್ತೀಯ, ಅಲ್ಲಿಗೆ ನನ್ನ ಖಾಲಿ ಕೋಣೆಯನ್ನು ಯಾಕೆ ಕಳಿಸಲಿ ಅಂದುಕೊಂಡೆ.

ಹೋದ ವರ್ಷ ಚಳಿಗಾಲದಲ್ಲಿ ಒಂದು ಜ್ವರ ಬಂತು. ಈ ಜ್ವರವಲ್ಲ, ಬರೀ ಜ್ವರ. ಮೂರು ದಿನ ಚಿಲಕ ಹಾಕಿಕೊಂಡು ಬಿದ್ದಿದ್ದೆ. ನೀರಿನ ಹೂಜಿ ಕೋಣೆಯ ಆ ಮೂಲೆಯಲ್ಲಿ, ನಾನು ಈ ಮೂಲೆಯಲ್ಲಿ. ಆರು ಹೆಜ್ಜೆ. ನಾಲ್ಕು ಸಲ ಎದ್ದು ನಾಲ್ಕು ಸಲವೂ ಕೂತೆ. ಆ ಮೂರು ದಿನ ಒಬ್ಬರೂ ಬಾಗಿಲು ತಟ್ಟಲಿಲ್ಲ, ಒಬ್ಬರೂ ನನ್ನ ಹೆಸರು ಕರೆಯಲಿಲ್ಲ. ಸಾಯುತ್ತೇನೆಂಬ ಭಯವಲ್ಲ ತಂಗಿ. ಸತ್ತರೆ ಎಷ್ಟನೆಯ ದಿನಕ್ಕೆ ಗೊತ್ತಾಗಬಹುದು ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ. ಆ ಲೆಕ್ಕ ಆಮೇಲೆ ಬಿಡಲಿಲ್ಲ.

ನಾನು ಲಸಿಕೆಗೆ ಹೋಗಿದ್ದೆ. ಮಾರ್ಚ್ ಎಂಟನೇ ತಾರೀಕು, ನಿನಗೆ ಮೊದಲ ಕಾಗದ ಹಾಕಿದ ನಾಲ್ಕನೆಯ ದಿನ. ಸಾಲಿನಲ್ಲಿ ನಿಂತು ಮೇಜಿನವರೆಗೆ ಬಂದೆ. ಫಾರಂ ತುಂಬಿಸುವ ಹುಡುಗಿ ಕೇಳಿದಳು, "ಮನೇಲಿ ಜೊತೆಗೆ ಯಾರಿದ್ದಾರೆ ಅಜ್ಜ? ಹೆಸರು ಹೇಳಿ." ಅವಳ ಲೇಖನಿ ಆ ಜಾಗದ ಮೇಲೆ ನಿಂತಿತ್ತು. ಹಿಂದೆ ಇಪ್ಪತ್ತು ಜನ.  ಕನ್ನಡಕ ಮರೆತು ಬಂದೆ, ತಂದುಬಿಡುತ್ತೇನೆ ಅಂದೆ. ಕನ್ನಡಕ ಮೂಗಿನ ಮೇಲೆಯೇ ಇತ್ತು. ಅವಳು ಒಳ್ಳೆಯವಳು, ನೋಡಿಯೂ "ಆಯ್ತು ಅಜ್ಜ" ಅಂದಳು.

ಮರುದಿನ ಗಾಡಿಯಲ್ಲಿ ಹಾಳೆ ಓದುತ್ತಿದ್ದಾಗ ಆ ಸಾಲು ತಾನಾಗಿ ಬಾಯಿಗೆ ಬಂತು. ಒಂಟಿಯಾಗಿ ಬರಬೇಡಿ. ಬೀದಿ ನಿಶ್ಶಬ್ದವಾಯಿತು. ಚಪ್ಪಾಳೆ ಸಿಕ್ಕಿತು ಅಂದುಕೊಂಡೆ. ನನ್ನ ಹೆದರಿಕೆಯನ್ನು ಎರಡು ಕಹಳೆಗೆ ಕಟ್ಟಿ ಆರು ವಾರ ಊರು ಸುತ್ತಿಸಿದ್ದೇನೆ, ನಿನ್ನ ಊರಿಗೂ ಕಳಿಸಿದ್ದೇನೆ. ಹೂಕುಂಡದ ಹೆಂಗಸು ಯಾಕೆ ನಿಂತರೆಂದು ಈಗ ಗೊತ್ತಾಗುತ್ತಿದೆ. ಆ ಮನೆಯಲ್ಲಿ ಬೇರೆ ಯಾರನ್ನೂ ನಾನು ಕಂಡಿಲ್ಲ.

ಗಾಡಿ ನಿಂತಿದೆ. ಬೇರೆ ಚಾಲಕ ಸಿಕ್ಕಿಲ್ಲ.

ಅಣ್ಣ

*

ಮೇ 6, ಗುರುವಾರ

ಅಣ್ಣ,

ನಿನ್ನ ಕಾಗದವನ್ನು ಮನೆಯವರ ಮುಂದೆ ಓದಲಿಲ್ಲ. ಯಾವ ಕಾಗದವನ್ನೂ ಹಾಗೆ ಓದಿಲ್ಲ.

ನಾನು ಮನೆಯಲ್ಲಿಲ್ಲ. ಆಸ್ಪತ್ರೆಯ ಹಾಸ್ಟೆಲಿನ ಕೊನೆಯ ಕೋಣೆಯಲ್ಲಿದ್ದೇನೆ, ಹದಿಮೂರು ತಿಂಗಳಾಯಿತು. ನಿನ್ನ ಕಾಗದಗಳು ಮೊದಲಿನಿಂದಲೂ ಆಸ್ಪತ್ರೆಯ ವಿಳಾಸಕ್ಕೇ ಬರುತ್ತಿದ್ದುದರಿಂದ ನಿನಗೆ ಗೊತ್ತಾಗಲಿಲ್ಲ. ಕಾಯಿಲೆ ಶುರುವಾದಾಗ ಅತ್ತೆ ಹೆದರಿದರು. ಇವರು "ಸ್ವಲ್ಪ ದಿನ ಅಲ್ಲೇ ಇರು" ಅಂದರು. ಸ್ವಲ್ಪ ದಿನ ಎಂದರೆ ಎಷ್ಟು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನಗೆ ಲಸಿಕೆಯಾದ ಮೇಲೆ ಕರೆಯುತ್ತಾರೆ ಅಂದುಕೊಂಡೆ. ಲಸಿಕೆ ಹಾಕಿಸಿಕೊಂಡವರಿಂದಲೇ ಬರುತ್ತದಂತೆ ಎಂದು ಅತ್ತೆಗೆ ಯಾರೋ ಹೇಳಿದರು. ಊರಿನವರ ತೋಳಿಗೆಲ್ಲ ಚುಚ್ಚುವ ನನಗೆ ನನ್ನ ಮನೆಯ ಎರಡು ತೋಳು ಸಿಗಲಿಲ್ಲ. ಭಾನುವಾರ ಗೇಟಿನ ಹೊರಗೆ ನಿಂತು ಮಕ್ಕಳನ್ನು ನೋಡಿ ಬರುತ್ತೇನೆ. ಚಿಕ್ಕವಳು ಈಗ ನನ್ನನ್ನು ಕಂಡರೆ ಮೊದಲು ಅಜ್ಜಿಯ ಮುಖ ನೋಡುತ್ತಾಳೆ.

ನೀನು "ಸಭಿಕ ಮಹನೀಯರೇ" ಅಂತ ಶುರು ಮಾಡುತ್ತಿದ್ದೆಯಲ್ಲ. ನಾನು ಮಂಚದ ಮೇಲೆ ಕೂತು, ಗೋಡೆಗೆ ಒರಗಿದ ಅತ್ತೆಯನ್ನೂ ಕಾಲು ಚಾಚಿದ ಇವರನ್ನೂ ನಾನೇ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ನಕ್ಕದ್ದು ನಿಜ. ಎಲ್ಲರೂ ಅಂದದ್ದು ಸುಳ್ಳು. ನೀನು ಅಷ್ಟು ಜನರ ನಡುವೆ ಖುಷಿಯಾಗಿದ್ದೀಯ, ನಾನು ಅಳುವ ಕಾಗದ ಬರೆದು ಆಟ ಯಾಕೆ ಕೆಡಿಸಲಿ ಅಂದುಕೊಂಡೆ. ನಾವಿಬ್ಬರೂ ಒಬ್ಬರಿಗೊಬ್ಬರು ಏನು ಮಾಡಿಕೊಂಡೆವು ನೋಡು.

ಜನವರಿಯಲ್ಲಿ ನನಗೂ ಅದೇ ಫಾರಂ ಕೊಟ್ಟರು. ನನಗೂ ಆ ಜಾಗದಲ್ಲಿ ಲೇಖನಿ ನಿಂತಿತು. ನಿನ್ನ ಹೆಸರು ಬರೆದೆ. ಸಂಬಂಧ: ಅಣ್ಣ. ಬಸ್ಸಿನಲ್ಲಿ ಎಂಟು ಗಂಟೆಯ ದಾರಿ, ಆದರೂ ಬರೆದೆ. ಜ್ವರ ಬಂತು, ಒಂದು ಹಗಲು ಮೈ ಸುಟ್ಟಿತು, ಸಂಜೆಗೆ ಇಳಿಯಿತು. ತಲೆದಿಂಬಿನ ಪಕ್ಕದಲ್ಲೇ ನೀರು, ಮಾತ್ರೆ, ಬ್ರೆಡ್ಡು ಇಟ್ಟುಕೊಂಡಿದ್ದೆ. ಚಿಲಕ ಹಾಕಿರಲಿಲ್ಲ. ಇಷ್ಟೇ ಬೇಕಾಗಿರುವುದು ಅಣ್ಣ. ಇದನ್ನು ನಾನು ಮಾರ್ಚಿನಲ್ಲೇ ನಿನಗೆ ಬರೆಯಬಹುದಿತ್ತು. ಬರೆದಿದ್ದರೆ ನನ್ನ ಹಾಸ್ಟೆಲಿನ ಕೋಣೆಯೂ ಕಾಗದದೊಳಗೆ ಬರುತ್ತಿತ್ತು, ಅದಕ್ಕೇ ಬರೆಯಲಿಲ್ಲ.

ಮೌನಿಯ ವಿಷಯದಲ್ಲಿ ಏನೂ ಹೇಳಲಾರೆ. ಅವರು ಅವರ ಲೆಕ್ಕದಲ್ಲಿ ನಿರ್ಧಾರ ಮಾಡಿದರು. ಅದರಲ್ಲಿ ನಿನ್ನದೂ ಒಂದು ಪಾಲಿದೆ. ಇಲ್ಲ ಅಂದರೆ ನೀನು ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ನನಗೆ ಮೂರು ದಿನ ರಜೆ ಕೊಟ್ಟಿದ್ದಾರೆ. ಹದಿನಾರನೇ ತಾರೀಕು, ಭಾನುವಾರ, ಮೊದಲ ಬಸ್ಸಿಗೆ ಹೊರಡುತ್ತೇನೆ. ಸೋಮವಾರ ಇಬ್ಬರೂ ಹೋಗೋಣ, ನಾನು ಪಕ್ಕದಲ್ಲೇ ಕೂರುತ್ತೇನೆ. ಅಲ್ಲಿಯವರೆಗೆ ಹೊರಗೆ ಓಡಾಡಬೇಡ, ಕಾಯುತ್ತಿರು.

ತಂಗಿ

*

ಮೇ 11, ಮಂಗಳವಾರ

ತಂಗಿ,

ನಿನ್ನ ಕಾಗದ ನಿನ್ನೆ ಬಂತು. ಮೂರು ಸಲ ಓದಿದೆ. ಮೂರನೆಯ ಸಲ ಗಟ್ಟಿಯಾಗಿ. ಕೋಣೆಯಲ್ಲಿ ನನ್ನ ದನಿ ಕೇಳಿ ಬಹಳ ದಿನವಾಗಿತ್ತು, ಬೀದಿಯಲ್ಲೇ ಎಲ್ಲ ಮುಗಿಸಿ ಬರುತ್ತಿದ್ದೆ.

ಬಾ. ಖಂಡಿತ ಬಾ. ಮಂಚದ ಒಂದು ಕಾಲು ಗಿಡ್ಡ, ಇಟ್ಟಿಗೆ ಕೊಟ್ಟಿದ್ದೇನೆ. ನಾನು ಅರಮನೆಯ ಪರದೆಯ ಮೇಲೆ ಮಲಗುತ್ತೇನೆ. ಮೂರು ದಿನವೂ ನಾನೇ ಅಡುಗೆ ಮಾಡುತ್ತೇನೆ, ಈರುಳ್ಳಿಯೂ ನಾನೇ. ಮಕ್ಕಳ ವಿಷಯ, ನಿನ್ನ ಅತ್ತೆಯ ವಿಷಯ ಕೂತು ಮಾತಾಡೋಣ. ಅತ್ತೆಮ್ಮನವರಿಗೆ ನಾನೇ ಒಂದು ಕಾಗದ ಬರೆಯಬೇಕೆಂದಿದ್ದೇನೆ. ವೇಷ ಹಾಕದೆ, ದನಿ ಎತ್ತದೆ, ನನಗೇನು ಭಯವಿತ್ತೆಂದು ಬರೆದು, ಅವರಿಗೇನು ಭಯವೆಂದು ಕೇಳಿ.

ಆದರೆ ಸೋಮವಾರದವರೆಗೆ ಕಾಯುವುದಿಲ್ಲ.

ಮೊದಲ ಸಲ ಓದಿದಾಗ ಕಾಯೋಣ ಅಂತಲೇ ಅನ್ನಿಸಿತು. ಅಬ್ಬಾ, ಜೊತೆಗೆ ಒಬ್ಬರು ಸಿಕ್ಕರು, ಇನ್ನು ಆರು ದಿನ ನಿಶ್ಚಿಂತೆ ಅಂದುಕೊಂಡೆ. ಆಮೇಲೆ ನೋಡಿದರೆ ಅದೂ ಗಂಟಲು ಕೆರೆತದ ಜಾತಿಯದೇ. ಇಷ್ಟು ದಿನ ಸುಳ್ಳು ನೆಪ, ಈಗ ನಿಜದ ನೆಪ.

ಇಂದು ಬೆಳಿಗ್ಗೆ ಮೌನಿಯನ್ನು ಗಾಜಿನಾಚೆಯಿಂದ ನೋಡಿದೆ. ಕೊಳವೆ ಇನ್ನೂ ಇದೆ. ಕೈ ಎತ್ತಲು ನೋಡಿದ, ಆಗಲಿಲ್ಲ. ಡಾಕ್ಟರು ಈ ವಾರ ಏನೂ ಹೇಳಲಾಗುವುದಿಲ್ಲ ಅಂದರು. ಹೊರಗೆ ಅದೇ ಕಟ್ಟೆಯ ಮೇಲೆ ಅವನ ಹೆಂಡತಿ. ಈ ಸಲ ಹತ್ತಿರ ಹೋಗಿ, ಎರಡು ಮೊಳ ಬಿಟ್ಟು ಕೂತು, ನಿನಗೆ ಬರೆದದ್ದನ್ನೆಲ್ಲ ಹೇಳಿದೆ. ಫಾರಂ, ಕನ್ನಡಕ, ಚಿಲಕ. ಅವಳು ತಲೆ ತಗ್ಗಿಸಿ ಕೇಳಿದಳು.  

"ಇಷ್ಟೇನಾ?" ಅಂದಳು ಕೊನೆಗೆ.

"ಇಷ್ಟೇ ಅಮ್ಮ."

"ಇಷ್ಟಕ್ಕೆ ಇವರು ಅಲ್ಲಿ ಮಲಗಿದ್ದಾರೆ."

 ಏಳೋಣವೆಂದುಕೊಂಡೆ. ಆಗ ಅವಳು, "ನಂದೂ ಆಗಿಲ್ಲ," ಅಂದಳು. "ಇವರಿಲ್ಲದೆ ಮನೇಲಿ ನಾನೊಬ್ಬಳೇ. ಒಂಟಿಯಾಗಿ ಬರಬೇಡಿ ಅಂತ ನೀವೇ ಅಂದಿದ್ರಲ್ಲ."

"ತಪ್ಪು ಹೇಳಿದೆ ಅಮ್ಮ. ಹಾಳೆಯಲ್ಲಿ ಅದಿರಲಿಲ್ಲ."

"ಹಾಗಾದ್ರೆ ನೀವು ಯಾವಾಗ ಹೋಗ್ತೀರಿ?"

ಗಂಡನ ಹಾಗೆಯೇ ಕೇಳಿದಳು ತಂಗಿ. ನೀವು ಮೊದಲು ಅಂದವನ ಹೆಂಡತಿ. ಸೋಮವಾರ ಅಂದರೆ ಸೋಮವಾರದವರೆಗೆ ಅವಳೂ ಕಾಯುತ್ತಾಳೆ. ಈ ಮನೆಯ ಒಬ್ಬನನ್ನು ಕಾಯಿಸಿದ್ದು ಸಾಕು. "ನಾಳೆ" ಅಂದೆ.

ಗಾಡಿಯಿಲ್ಲ, ಮೈಕಿಲ್ಲ. ಕಚೇರಿಗೆ ಹೋಗಿ, ನಾನು ಹಾಕಿಸಿಕೊಂಡಿಲ್ಲವೆಂದೂ ಆ ಎರಡು ಸಾಲು ನನ್ನ ಸ್ವಂತದ್ದೆಂದೂ ಬರೆದುಕೊಟ್ಟು ಬಂದೆ. ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕೆಲಸದಿಂದ ತೆಗೆಯಬಹುದು, ತೆಗೆಯಲಿ. ಹೂಕುಂಡದ ಹೆಂಗಸಿನ ಮನೆ ಹುಡುಕಿ ಬಾಗಿಲು ತಟ್ಟಿದೆ. ಸಾಮಾನ್ಯ ದನಿಯಲ್ಲಿ ಹೇಗೆ ಮಾತಾಡಬೇಕೆಂದು ಗೊತ್ತಾಗದೆ ಮೊದಲ ವಾಕ್ಯ ಕಿರುಚಿಯೇಬಿಟ್ಟೆ, ಅವರು ಹೆದರಿ ಒಂದು ಹೆಜ್ಜೆ ಹಿಂದೆ ಹೋದರು. ಎರಡನೆಯದನ್ನು ಮೆಲ್ಲಗೆ ಹೇಳಿದೆ. "ನೋಡೋಣ" ಅಂದರು. ಬರುತ್ತಾರೋ ಇಲ್ಲವೋ ಗೊತ್ತಿಲ್ಲ.

ಈ ಕಾಗದ ನಿನ್ನ ಕೈ ಸೇರುವಾಗ ಎಲ್ಲ ಮುಗಿದಿರುತ್ತದೆ. ಆದರೂ ಬರೆಯುತ್ತೇನೆ.

ನಾಳೆ ಬೆಳಿಗ್ಗೆ ಏಳಕ್ಕೆ ಮುಖ ಕ್ಷೌರ ಮಾಡಿಕೊಂಡು ಅರ್ಧ ತೋಳಿನ ಅಂಗಿ ಹಾಕಿಕೊಳ್ಳುತ್ತೇನೆ. ಎಂಟಕ್ಕೆ ಮೌನಿಯ ಮನೆಯ ಬಾಗಿಲಿಗೆ ಹೋಗಿ ಅವಳನ್ನು ಕರೆಯುತ್ತೇನೆ. ಒಂಬತ್ತಕ್ಕೆ ಸಾಲಿನಲ್ಲಿ ನಿಲ್ಲುತ್ತೇವೆ, ನಾನು ಮುಂದೆ, ಅವಳು ಹಿಂದೆ. ನನ್ನ ಸರದಿ ಬಂದಾಗ ಎಡ ತೋಳು ಕೊಡುತ್ತೇನೆ. ಅರ್ಧ ಗಂಟೆ ಅಲ್ಲಿ ಕೂತು, ನಡೆದು ವಾಪಸು ಬಂದ ಮೇಲೆ ಅವಳು ಒಳಗೆ ಮಲಗುತ್ತಾಳೆ. ನಾನು ಹೊರಗೆ ಅವರ ಜಗಲಿಯ ಮೇಲೆ ನೀರು, ಮಾತ್ರೆ ಪಕ್ಕದಲ್ಲಿಟ್ಟುಕೊಂಡು ಮಲಗುತ್ತೇನೆ. ಗಂಟೆಗೊಮ್ಮೆ ಅವಳು ಒಳಗಿನಿಂದ ಲೋಟದಲ್ಲಿ ಕಿಟಕಿಯ ಸರಳು ಬಡಿಯುತ್ತಾಳೆ, ನಾನು ಹೊರಗಿನಿಂದ "ಇದ್ದೇನಮ್ಮಾ" ಅನ್ನುತ್ತೇನೆ. ಸಂಜೆಯವರೆಗೆ ಹೀಗೆ ಮಾಡುತ್ತೇವೆ.

ನಿನ್ನ ಅಣ್ಣ